ಕೊಡಗಿನ ನಮ್ಮ ಪ್ರಾಥಮಿಕ ಶಾಲೆಯಲ್ಲಿ ‘ವಸ್ತು–ಚಿತ್ರ–ಸಂಕೇತ’ ಕ್ರಮದ ಗಣಿತ ಬೋಧನೆಯನ್ನು ಎಲ್ಲಿಂದ ಆರಂಭಿಸಬೇಕು?

ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಂಡಿಸಿದ ವಿಚಾರಗಳಿಂದ ಬೆಳೆದ ಈ ಕ್ರಮವನ್ನು ಎಲ್ಲ ತರಗತಿಗಳಿಗೂ ಒಮ್ಮೆಲೇ ತರದೆ, ದಶಕ ಸಹಿತ ವ್ಯವಕಲನದಿಂದ (ಬಿಡಿ ಸಾಲದಾಗ ಒಂದು ಹತ್ತನ್ನು ಬಿಡಿಸಿಕೊಂಡು ಕಳೆಯುವ ಲೆಕ್ಕದಿಂದ) ಆರಂಭಿಸುವುದು ಒಳ್ಳೆಯದು. ಮಕ್ಕಳು ಹೆಚ್ಚು ಎಡವುವುದು ಅಲ್ಲಿಯೇ. 42ರಲ್ಲಿ 17 ಕಳೆಯಲು ಹತ್ತರ ನಾಲ್ಕು ಕಡ್ಡಿಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟರೆ, ಏಳನ್ನು ತೆಗೆಯಲು ಬಿಡಿ ಕಡ್ಡಿಗಳು ಸಾಲವೆಂದು ಮಗು ತಾನೇ ಕಂಡುಕೊಂಡು ಒಂದು ಕಟ್ಟನ್ನು ಬಿಚ್ಚುತ್ತದೆ, ಹನ್ನೆರಡರಲ್ಲಿ ಏಳನ್ನೂ ಉಳಿದ ಮೂರು ಕಟ್ಟುಗಳಲ್ಲಿ ಒಂದನ್ನೂ ತೆಗೆದು 25ಕ್ಕೆ ತಲುಪುತ್ತದೆ. ಅದನ್ನೇ ಚಿತ್ರವಾಗಿ ಬರೆಸಿದ ಮೇಲಷ್ಟೇ ಅಂಕಿಗಳ ಲೆಕ್ಕಕ್ಕೆ ಹೋಗಬೇಕು. ಇಲ್ಲಿ ಅವಸರ ಸಲ್ಲದು.

ಒಂದರಿಂದ ಮೂರನೇ ತರಗತಿಯವರೆಗೆ ನಲಿ–ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯನ್ನು ನಡೆಸಿದ ಶಿಕ್ಷಕರಿಗೆ ಚಟುವಟಿಕೆ ಹೊಸದಲ್ಲ. ಕೊಡವ, ಯರವ, ಮಲಯಾಳಂ, ತಮಿಳು ಮನೆಮಾತಿನ ಮಕ್ಕಳು, ಅದರಲ್ಲೂ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವವರು, ತಾವು ಮಾಡಿದ್ದನ್ನು ಮೊದಲು ತಮ್ಮ ಭಾಷೆಯಲ್ಲಿಯೇ ವಿವರಿಸಲು ಬಿಡುವುದು ನನ್ನ ದೃಷ್ಟಿಯಲ್ಲಿ ಕಡ್ಡಿಗಳಷ್ಟೇ ಮುಖ್ಯ.