ಶಾಲೆ ಬೇಗ ಶುರುವಾದ ಮೇಲೆ ಮಗಳು ಆಟ ಬಿಟ್ಟಿದ್ದಾಳೆ, ಏನು ಮಾಡಲಿ?

ಶಾಲೆ ಬೆಳಿಗ್ಗೆ 7ಕ್ಕೆ ಶುರುವಾದ ಮೇಲೆ ನಿಮ್ಮ 14 ವರ್ಷದ ಮಗಳು ಆಟ ಬಿಟ್ಟಿದ್ದಕ್ಕೆ ಸೋಮಾರಿತನಕ್ಕಿಂತ ನಿದ್ದೆಯ ಕೊರತೆಯೇ ಕಾರಣ ಇರಬಹುದು. ಹರೆಯದಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನ್ ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗು ಅಂದರೂ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಮಾತ್ರ ಏಳಲೇಬೇಕು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದಿಲ್ಲದೆ ಸಂಜೆ ಮೈದಾನಕ್ಕೆ ಹೋಗು ಅಂದರೆ ಪಾಪ, ಶಕ್ತಿ ಎಲ್ಲಿಂದ ಬರಬೇಕು?

ಮೊದಲು ಒಂದು ವಾರ ಅವಳು ಮಲಗಿದ, ಎದ್ದ ಹೊತ್ತನ್ನು ಬರೆದಿಡಿ. ರಜೆಯ ದಿನ ತುಂಬಾ ತಡವಾಗಿ ಏಳುತ್ತಿದ್ದರೆ ನಿದ್ದೆ ಸಾಲುತ್ತಿಲ್ಲ ಅಂತ ತಿಳಿಯಿರಿ. ಆಮೇಲೆ ಕೆಲವು ದಿನಕ್ಕೊಮ್ಮೆ 15 ನಿಮಿಷ ಬೇಗ ಮಲಗಿಸುತ್ತಾ ಬನ್ನಿ. ಎದ್ದ ಕೂಡಲೇ ಹೊರಗಿನ ಬೆಳಕಿಗೆ ಹೋದರೆ ರಾತ್ರಿ ಬೇಗ ನಿದ್ದೆ ಬರಲು ನೆರವಾಗುತ್ತದೆ. ಫೋನ್ ಕೋಣೆಯ ಹೊರಗಿರಲಿ.

ಆಟಕ್ಕೆ ಅಂತ ನಿದ್ದೆ ಮಾತ್ರ ಕಡಿಮೆ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿಗೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ. ಒಂದೇ ಸಲ ಆಗಬೇಕಿಲ್ಲ. ಶಾಲೆಗೆ ಚುರುಕಾಗಿ ನಡೆಯುವುದು, ಬಿಡುವಿನಲ್ಲಿ ಓಡಾಟ, ಸಂಜೆ 20 ನಿಮಿಷ ಸೈಕಲ್, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮನೆಗೆ ಬಂದವಳು ಕೂರುವ ಮುಂಚೆಯೇ ಹೊರಟುಬಿಡಲಿ. ನನ್ನ ಮಗನಿಗೆ ಜಾಸ್ತಿ ಉಪಯೋಗವಾದದ್ದು ಇದೇ, ಕೂತರೆ ಮತ್ತೆ ಏಳುತ್ತಿರಲಿಲ್ಲ.

ಆಟದ ಪೀರಿಯಡ್ ಬೇರೆ ಪಾಠಕ್ಕೆ ಹೋಗುತ್ತಿದೆಯಾ ಅಂತಲೂ ಶಾಲೆಯಲ್ಲಿ ವಿಚಾರಿಸಿ.

ನಿದ್ದೆಯೇ ಕಾರಣ ಅಂತ ಖಾತ್ರಿಯಾಗಿ ಹೇಳಲಾರೆ. ಚೆನ್ನಾಗಿ ನಿದ್ದೆ ಮಾಡಿಯೂ ಎರಡು ಮೂರು ವಾರ ಸುಸ್ತು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ರಕ್ತಹೀನತೆ ಇದ್ದರೂ ಹೀಗೇ ಆಗುತ್ತದೆ.