10×10 ರೂಮಿಗೆ 5 ಇಂಚಿನ ಮಾನಿಟರೋ 8 ಇಂಚಿನದೋ? ಮೊದಲು ಕುರ್ಚಿ ಸರಿಸಿ

ಮನೆಯಲ್ಲಿ ಹಾಡು ಮಿಕ್ಸ್ ಮಾಡಲು (ದನಿ, ವಾದ್ಯಗಳನ್ನು ಹದವಾಗಿ ಸೇರಿಸಲು) ಯಾವ ಮಾನಿಟರ್, ಅಂದರೆ ಸ್ಟುಡಿಯೋ ಸ್ಪೀಕರ್, ತಗೊಳ್ಳಲಿ ಅಂತ ಕೇಳಿದ್ದೀರಿ. ಇಂಚಿನ ಲೆಕ್ಕ ಅದರ ವೂಫರಿನದು, ಅಂದರೆ ಬೇಸ್ (ಕೆಳಗಿನ ಸ್ವರಗಳು) ಹೊರಡಿಸುವ ದೊಡ್ಡ ಕೋನಿನದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮು. 30 ಸಾವಿರದ ಬಜೆಟ್. 5 ಇಂಚಿನಲ್ಲಿ ಬೇಸ್ ಸಾಲುವುದಿಲ್ಲ ಅಂತ 8 ಇಂಚಿನ ಜೋಡಿಗೆ ಅಡ್ವಾನ್ಸ್ ಕೊಟ್ಟಿದ್ದೀರಿ. ನನ್ನದೇ ಹಳೆಯ ರಸೀದಿ ಕೈಗೆ ಸಿಕ್ಕ ಹಾಗಾಯಿತು.

ನನ್ನ ರೂಮೂ ಅಷ್ಟೇ ಅಳತೆಯದು. ಮೊದಲು ಇದ್ದದ್ದು 5 ಇಂಚಿನ ಜೋಡಿ. ಮೇಜು ಗೋಡೆಗೆ, ಕುರ್ಚಿ ರೂಮಿನ ನಟ್ಟನಡುವೆ, ಅಂದರೆ ಮುಂದೆ 5 ಅಡಿ, ಹಿಂದೆ 5 ಅಡಿ. ಒಂದು ಭಾವಗೀತೆ ಮಿಕ್ಸ್ ಮಾಡುತ್ತಿದ್ದೆ: ಗಂಡು ದನಿ, ತಬಲಾ, ಕೀಬೋರ್ಡು, ಕೆಳಗೆ ಬೇಸ್ ಗಿಟಾರು. ಬೇಸ್ ಗಿಟಾರು ಕೆಳಗಿನ ಡಿ ಸ್ವರಕ್ಕೆ (73 ಹರ್ಟ್ಸ್, ಅಂದರೆ ಸೆಕೆಂಡಿಗೆ 73 ಕಂಪನ) ಬಂದಾಗ ಚೆನ್ನಾಗಿ ಕೇಳುತ್ತಿತ್ತು. ಅಲ್ಲಿಂದ ಎ ಸ್ವರಕ್ಕೆ (55 ಹರ್ಟ್ಸ್) ಇಳಿದ ಕೂಡಲೇ ಮಾಯ. ಸ್ಪೀಕರ್ ಚಿಕ್ಕದು, ಅಷ್ಟು ಕೆಳಗೆ ಇಳಿಯುತ್ತಿಲ್ಲ ಅಂದುಕೊಂಡೆ. ಈಕ್ಯೂನಲ್ಲಿ (ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಸಾಧನ) 55 ಹರ್ಟ್ಸ್ ಹತ್ತಿರ 6 ಡಿಬಿ (ಡೆಸಿಬೆಲ್, ಶಬ್ದದ ಜೋರಿನ ಅಳತೆ) ಏರಿಸಿದೆ. ಗೆಳೆಯನ ಕಾರಿನಲ್ಲಿ ಹಾಕಿದಾಗ ಅದೇ ಸ್ವರಕ್ಕೆ ಬಾಗಿಲ ಪ್ಲಾಸ್ಟಿಕ್ಕೆಲ್ಲ ಗಡಗಡ.

ಅಲ್ಲಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಆ ಜೋಡಿಯನ್ನು ಅರ್ಧ ಬೆಲೆಗೆ ಮಾರಿ 8 ಇಂಚಿನದು ತಂದೆ. ಕೂರಿಸಿ ಹಾಡು ಹಾಕಿದರೆ ಎ ಸ್ವರ ಈಗಲೂ ಇಲ್ಲ. ವಾಲ್ಯೂಮ್ ಏರಿಸಿದೆ. ಅಡುಗೆಮನೆಯಿಂದ ಅಮ್ಮ, "ಏನೋ ಅದು ಧಡ್ ಧಡ್ ಅಂತ, ಪಾತ್ರೆ ಅಲ್ಲಾಡ್ತಿದೆ" ಅಂದರು. ಎರಡು ಗೋಡೆ ಆಚೆ ಇರುವವರಿಗೆ ಕೇಳುವ ಬೇಸ್, ಸ್ಪೀಕರಿನ ಎದುರೇ ಕೂತ ನನಗೆ ಕೇಳುತ್ತಿರಲಿಲ್ಲ.

ನಾನು ಕಳೆದುಕೊಂಡ ದುಡ್ಡೆಲ್ಲ ಈ ಒಂದು ವಿಷಯ ಗೊತ್ತಿಲ್ಲದ್ದಕ್ಕೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆ. ರೂಮಿನ ಉದ್ದವನ್ನು ಇಮ್ಮಡಿ ಮಾಡಿ 1,130ನ್ನು ಅದರಿಂದ ಭಾಗಿಸಿ. ಹತ್ತಡಿಗೆ 1,130 ÷ 20, ಅಂದರೆ 56.5 ಹರ್ಟ್ಸ್. ಈ ಸ್ವರದ ಅರ್ಧ ಅಲೆ ಎದುರು ಬದುರು ಗೋಡೆಗಳ ನಡುವೆ ಸರಿಯಾಗಿ ಹಿಡಿಸುತ್ತದೆ. ಹೋಗುವ ಅಲೆ, ಗೋಡೆಗೆ ಬಡಿದು ವಾಪಸ್ ಬರುವ ಅಲೆ ಎರಡೂ ಸೇರಿ ನಿಂತ ಅಲೆಯಾಗುತ್ತದೆ. ಗೋಡೆಯ ಪಕ್ಕ ಒತ್ತಡ (ಕಿವಿಗೆ ಕೇಳುವುದು ಇದೇ) ಅತಿ ಹೆಚ್ಚು, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ನನ್ನ ಕುರ್ಚಿ ಇದ್ದದ್ದು ಆ ಸೊನ್ನೆಯಲ್ಲಿ. ಕೂತಾಗ ಕಿವಿ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ, ಹಾಗಾಗಿ ನೆಲ ಮತ್ತು ಸೀಲಿಂಗ್ ನಡುವಿನ 56 ಹರ್ಟ್ಸ್‌ಗೂ ಅದು ಸೊನ್ನೆಯ ಹತ್ತಿರವೇ. ಮೂರು ಅಳತೆಯೂ ಒಂದೇ ಆದರೆ ಮೂರರ ತೊಂದರೆಯೂ ಒಂದೇ ಸ್ವರದ ಮೇಲೆ ಬಂದು ಬೀಳುತ್ತದೆ. ಮಿಕ್ಸಿಂಗಿಗೆ ಇದಕ್ಕಿಂತ ಕೆಟ್ಟ ಆಕಾರದ ರೂಮು ಇಲ್ಲ, ಮತ್ತು ನಮ್ಮ ಬಾಡಿಗೆ ಮನೆಗಳ ಮಕ್ಕಳ ರೂಮು ಎಷ್ಟೋ ಕಡೆ ಹೆಚ್ಚುಕಡಿಮೆ ಇದೇ ಆಕಾರದ್ದು. 10×12 ಇದ್ದರೆ ಉದ್ದದ ಲೆಕ್ಕ 47ಕ್ಕೆ ಇಳಿಯುತ್ತದೆ, ತೊಂದರೆ ಸ್ವಲ್ಪವಾದರೂ ಹಂಚಿಹೋಗುತ್ತದೆ.

ಇದರ ಇಮ್ಮಡಿಯಾದ 113 ಹರ್ಟ್ಸ್‌ನ ಕಥೆ ಉಲ್ಟಾ. ಅದಕ್ಕೆ ರೂಮಿನ ನಡುವೆಯೇ ಒತ್ತಡ ಹೆಚ್ಚು. ತಬಲಾದ ಡಗ್ಗಾ, ಗಂಡು ದನಿಯ ಎದೆಯ ಭಾಗ ಎಲ್ಲ ಆ ಸುತ್ತಲೇ ಇರುತ್ತದೆ. ನನಗೆ ಅದು ಊದಿಕೊಂಡು ಕೇಳುತ್ತಿತ್ತು, ಹಾಗಾಗಿ ಅಲ್ಲಿ ಕತ್ತರಿ ಹಾಕುತ್ತಿದ್ದೆ. ಅಂತೂ ನನ್ನ ಮಿಕ್ಸುಗಳೆಲ್ಲ ಒಂದೇ ಥರ: ಕೆಳಗೆ ಗುಡುಗು, ದನಿ ಮಾತ್ರ ಪೇಲವ.

ಈಕ್ಯೂನಿಂದ ಇದು ಯಾಕೆ ಸರಿಹೋಗಲಿಲ್ಲ ಅಂದರೆ, ನೇರ ಬರುವ ಅಲೆಯನ್ನು ಏರಿಸಿದಷ್ಟೂ ಗೋಡೆಯಿಂದ ಬಂದು ಅದನ್ನು ಕಳೆಯುವ ಅಲೆಯೂ ಏರುತ್ತದೆ. 6 ಡಿಬಿ ಏರಿಸಲು ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು, ಕುರ್ಚಿಯಲ್ಲಿ ಕೂತವರಿಗೆ ಅದರ ಫಲ ಇಲ್ಲ. ದೊಡ್ಡ ಸ್ಪೀಕರ್ ಮಾಡುವುದೂ ಅದನ್ನೇ. ವಾಟ್ ನೋಡಿ ಮರುಳಾಗಬೇಡಿ. 70 ವಾಟ್‌ನಿಂದ 120 ವಾಟ್‌ಗೆ ಹೋದರೆ ಸಿಗುವುದು 2.3 ಡಿಬಿ ಮಾತ್ರ. ಊದಿಕೊಂಡ ಕಡೆ ಈಕ್ಯೂನಲ್ಲಿ ಕತ್ತರಿಸಬಹುದು, ಬಿದ್ದ ಗುಂಡಿಯನ್ನು ತುಂಬಲು ಆಗುವುದಿಲ್ಲ.

ನಂಬಿಕೆ ಬರದಿದ್ದರೆ ಇವತ್ತೇ ನೋಡಿ. ಈಗ ಇರುವ ಯಾವುದಾದರೂ ಸ್ಪೀಕರಿನಲ್ಲಿ ಟೋನ್ ಜನರೇಟರ್ ಆ್ಯಪ್‌ನಿಂದ 56 ಹರ್ಟ್ಸ್ ಹಾಕಿ. ವಾಲ್ಯೂಮ್ ಕಡಿಮೆ ಇರಲಿ, ಒಂದೇ ಸಮನೆ ಬರುವ ಟೋನು ಜೋರಾಗಿ ಹಾಕಿದರೆ ವೂಫರ್ ಕೆಡಬಹುದು. ಆಮೇಲೆ ರೂಮಿನಲ್ಲಿ ಓಡಾಡಿ. ಮೂಲೆಯಲ್ಲಿ ಕಿವಿ ತುಂಬುತ್ತದೆ, ನಡುವೆ ಬಂದರೆ ಯಾರೋ ಸ್ವಿಚ್ ಆಫ್ ಮಾಡಿದಂತೆ ಆಗುತ್ತದೆ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಇದು ಆಗದು, ಕನಿಷ್ಠ 4 ಇಂಚಿನ ವೂಫರ್ ಬೇಕು.

ಹಾಗಾದರೆ ಎಲ್ಲಿ ಕೂರಬೇಕು? ಮುಂದಿನ ಗೋಡೆಯಿಂದ ಉದ್ದದ 38 ಶೇಕಡಾ ದೂರದಲ್ಲಿ ಶುರು ಮಾಡಿ. ನಿಮ್ಮ ರೂಮಿಗೆ ಅದು 3 ಅಡಿ 10 ಇಂಚು, ಕಿವಿಯ ಜಾಗಕ್ಕೆ. ಸ್ಪೀಕರಿನ ಹಿಂಬದಿ ಗೋಡೆಯಿಂದ 4 ಇಂಚು, ಪೆಟ್ಟಿಗೆಯ ಆಳ ಸುಮಾರು 9 ಇಂಚು, ಅಂದರೆ ಅದರ ಮುಖ ಗೋಡೆಯಿಂದ 13 ಇಂಚಿಗೆ ಬರುತ್ತದೆ. ಎರಡು ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಕೋನು) ನಡುವೆ 3 ಅಡಿ 2 ಇಂಚು ಇಟ್ಟರೆ ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗುತ್ತದೆ. ಟ್ವೀಟರ್ ಕಿವಿಯ ಎತ್ತರಕ್ಕೇ ಇರಲಿ, ಎಡ ಬಲ ಗೋಡೆಗಳು ಸಮದೂರದಲ್ಲಿರಲಿ. ಕುರ್ಚಿಯನ್ನು ನಾಲ್ಕು ನಾಲ್ಕು ಇಂಚು ಹಿಂದೆ ಮುಂದೆ ಸರಿಸಿ ಎಲ್ಲಿ ಬೇಸ್ ಸ್ವರಗಳು ಹೆಚ್ಚು ಸಮವಾಗಿ ಕೇಳುತ್ತವೋ ಅಲ್ಲಿ ನೆಲಕ್ಕೆ ಟೇಪ್ ಅಂಟಿಸಿ. ಮಾಯವಾಗಿದ್ದ ಎ ಸ್ವರ ನನಗೆ ವಾಪಸ್ ಬಂದದ್ದು ಹೀಗೆ. ಪೂರ್ತಿ ಬರಲಿಲ್ಲ, ಆದರೆ ಇದೆ ಅಂತ ಗೊತ್ತಾಗುವಷ್ಟು ಬಂತು. ಖರ್ಚು ಸೊನ್ನೆ.

ಸ್ಪೀಕರನ್ನು ಗೋಡೆಯಿಂದ ಎರಡೂವರೆ ಅಡಿ ಮುಂದೆ ಎಳೆಯಿರಿ ಅಂತ ಕೆಲವರು ಹೇಳುತ್ತಾರೆ. ಚಿಕ್ಕ ರೂಮಿನಲ್ಲಿ ಮಾಡಬೇಡಿ. ಸ್ಪೀಕರಿನ ಹಿಂದಿನ ಗೋಡೆಗೆ ಬಡಿದು ಬರುವ ಅಲೆ, 1,130ನ್ನು ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಬರುವ ಸ್ವರವನ್ನು ಕಳೆಯುತ್ತದೆ. ಎರಡೂವರೆ ಅಡಿಗೆ ಆ ಗುಂಡಿ 113 ಹರ್ಟ್ಸ್‌ನಲ್ಲಿ, ನೇರ ಡಗ್ಗಾದ ಮೇಲೆ ಬೀಳುತ್ತದೆ. 13 ಇಂಚಿಗೆ ಅದು 260ರ ಹತ್ತಿರ ಹೋಗುತ್ತದೆ, ಅಷ್ಟು ಮೇಲಿದ್ದರೆ ಗೋಡೆಗೆ ಹಾಕುವ ಪ್ಯಾನಲ್ (ಹೇಗೆ ಮಾಡುವುದು ಅಂತ ಕೆಳಗೆ ಹೇಳುತ್ತೇನೆ) ಅದನ್ನು ಹೀರಬಲ್ಲದು. ಗೋಡೆಗೆ ಹತ್ತಿರ ಇಟ್ಟಾಗ ಬೇಸ್ ಏರುತ್ತದೆ ನಿಜ. ಸ್ಪೀಕರಿನ ಹಿಂದೆ ಅದಕ್ಕೇ ಸ್ವಿಚ್ ಇರುತ್ತದೆ. 5 ಇಂಚಿನ ಯಮಹಾ ಎಚ್‌ಎಸ್ 5ರಲ್ಲಿ ರೂಮ್ ಕಂಟ್ರೋಲ್ ಅಂತ, ಮೈನಸ್ 2 ಮತ್ತು ಮೈನಸ್ 4 ಡಿಬಿ.

ಈಗ ನೀವು ಕೇಳಿದ್ದು, ಯಾವ ಸ್ಪೀಕರ್. ಈ ಪ್ರಶ್ನೆಗೆ ನಾನು ಕೊಡುವ ಮರ್ಯಾದೆ ಕಡಿಮೆ, ಮುಂಚೆಯೇ ಹೇಳಿಬಿಡುತ್ತೇನೆ. ಒಳ್ಳೆಯ ಕಂಪನಿಗಳ 5 ಇಂಚಿನ ಮಾನಿಟರುಗಳ ನಡುವಿನ ವ್ಯತ್ಯಾಸಕ್ಕಿಂತ ಕುರ್ಚಿ ಒಂದಡಿ ಸರಿಸಿದಾಗ ಆಗುವ ವ್ಯತ್ಯಾಸ ದೊಡ್ಡದು. ಎಚ್‌ಎಸ್ 5 ಅಥವಾ ಜೆಬಿಎಲ್ 305ಪಿ, ಯಾವುದು ಕಡಿಮೆಗೆ ಸಿಗುತ್ತದೋ ಅದು. ಕಾಲಿ (Kali) ಕಂಪನಿಯ ಆರೂವರೆ ಇಂಚಿನ ಎಲ್‌ಪಿ 6 ಸಿಕ್ಕರೆ ಅದೂ ಸರಿ. ಆರೂವರೆ ಇಂಚು ಈ ರೂಮಿಗೆ ಮೇಲಿನ ಮಿತಿ, ಎಲ್‌ಪಿ 6ರ ಹಿಂದಿನ ಸ್ವಿಚ್ಚುಗಳ ಪಕ್ಕ ಮೇಜಿನ ಮೇಲೋ ಗೋಡೆ ಪಕ್ಕವೋ ಅಂತ ಚಿತ್ರವೇ ಇರುತ್ತದೆ. ಮೂರೂವರೆ ಇಂಚಿನವು 80 ಹರ್ಟ್ಸ್ ಹತ್ತಿರವೇ ನಿಲ್ಲುತ್ತವೆ, ಮಾತಿನ ಕೆಲಸಕ್ಕೆ ಸಾಕು, ತಬಲಾ ಮತ್ತು ಬೇಸ್ ಇರುವ ಹಾಡಿಗೆ ಸಾಲವು. ಬೆಲೆ ನೋಡುವಾಗ ಒಂದರ ಬೆಲೆಯೋ ಜೋಡಿಯದೋ ಓದಿಕೊಳ್ಳಿ. ಎಚ್‌ಎಸ್ 5 ಒಂದೊಂದಾಗಿ ಮಾರುವ ಮಾಲು.

ಸ್ಪೆಕ್ ಓದುವುದಕ್ಕೂ ಒಂದು ಕ್ರಮ ಇದೆ. ಎಚ್‌ಎಸ್ 5ರ ಸ್ಪೆಕ್ಕಿನಲ್ಲಿ 54 ಹರ್ಟ್ಸ್ ಅಂತ ಇರುತ್ತದೆ, ಅದು ಮೈನಸ್ 10 ಡಿಬಿ ಲೆಕ್ಕ, ಅಂದರೆ ಅಲ್ಲಿಗೆ ಬರುವಾಗ ಶಬ್ದ 10 ಡಿಬಿ ಇಳಿದಿರುತ್ತದೆ. ಮೈನಸ್ 3 ಡಿಬಿ ಲೆಕ್ಕಕ್ಕೆ 74. ಇದನ್ನು ನೋಡಿಯೇ ಜನ 8 ಇಂಚಿಗೆ ಹಾರುವುದು. ಆದರೆ ನಿಮ್ಮ ರೂಮು ತೊಂದರೆ ಕೊಡುವುದೇ 56ರಲ್ಲಿ. ಅಲ್ಲಿಗೆ ಬರುವ ಹೊತ್ತಿಗೆ ತಾನೇ ಮೆಲ್ಲಗಾಗುವ ಸ್ಪೀಕರ್ ನಿಮಗೆ ಉಪಕಾರ ಮಾಡುತ್ತಿದೆ. ಬಿಳಿ ಕೋನಿನ ಯಮಹಾ ಎನ್‌ಎಸ್ 10 ಬಂದದ್ದು 1978ರಲ್ಲಿ, ಬೇಸ್ ವಿಷಯದಲ್ಲಿ ಬಡಪಾಯಿ, ಆದರೂ ವರ್ಷಗಟ್ಟಲೆ ಜಗತ್ತಿನ ಸ್ಟುಡಿಯೋಗಳ ಮೇಜಿನ ಮೇಲೆ ಇದ್ದದ್ದು ಅದೇ.

ಮುಂದೆ ಪೋರ್ಟ್ (ಪೆಟ್ಟಿಗೆಯಲ್ಲಿ ಗಾಳಿ ಹೋಗಿ ಬರುವ ತೂತು) ಇದ್ದರೆ ಗೋಡೆಗೆ ಅಂಟಿಸಿ ಇಡಬಹುದು ಎಂಬುದು ಅಂಗಡಿಯವರ ಮಾತು. ಬೇಸ್ ಪೆಟ್ಟಿಗೆಯ ಎಲ್ಲ ದಿಕ್ಕಿಗೂ ಹರಡುತ್ತದೆ, ಪೋರ್ಟ್ ಎಲ್ಲೇ ಇರಲಿ ಗೋಡೆ ಅದನ್ನು ಏರಿಸಿಯೇ ಏರಿಸುತ್ತದೆ. ಹಿಂದೆ ಪೋರ್ಟ್ ಇದ್ದರೆ ಗಾಳಿಯಾಡಲು ನಾಲ್ಕು ಇಂಚು ಬಿಡಿ, ಅಷ್ಟೇ.

5 ಇಂಚಿಗೆ ಇಳಿದು ಉಳಿದ ದುಡ್ಡನ್ನು ಶಬ್ದ ಹೀರುವ ರಾಕ್‌ವೂಲ್‌ಗೆ (ಕಲ್ಲಿನ ನಾರಿನ ಹಲಗೆ) ಹಾಕಿ. 50 ಮಿಲಿಮೀಟರ್ ದಪ್ಪ, ಘನಮೀಟರಿಗೆ 48ರಿಂದ 64 ಕಿಲೋ ಸಾಂದ್ರತೆಯ ಹಲಗೆಗಳು ಇನ್ಸುಲೇಷನ್ ಮಾಲು ಮಾರುವವರ ಹತ್ತಿರ ಸಿಗುತ್ತವೆ. ಎರಡು ಹಲಗೆ ಜೋಡಿಸಿ 4 ಇಂಚು ಮಾಡಿ, 2×4 ಅಡಿಯ ಮರದ ಚೌಕಟ್ಟಿನಲ್ಲಿ ಕೂರಿಸಿ, ಮೇಲೆ ಹತ್ತಿ ಬಟ್ಟೆ ಎಳೆದು ಸ್ಟೇಪಲ್ ಹೊಡೆಯಿರಿ. ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗಬೇಕು, ರೆಕ್ಸಿನ್ ನಡೆಯುವುದಿಲ್ಲ. ಕತ್ತರಿಸುವಾಗ ಮಾಸ್ಕು, ಕೈಗವಸು, ತುಂಬುತೋಳಿನ ಅಂಗಿ ಇರಲಿ, ಇಲ್ಲದಿದ್ದರೆ ಎರಡು ದಿನ ತುರಿಕೆ. ನನಗೆ ಆರು ಪ್ಯಾನಲ್‌ಗೆ ಬಡಗಿ ಕೂಲಿ ಸೇರಿ 8 ಸಾವಿರದ ಒಳಗೆ ಮುಗಿಯಿತು. ಎಡ ಬಲ ಒಂದೊಂದು: ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಗೋಡೆ ಮೇಲೆ ಕನ್ನಡಿ ಸರಿಸುತ್ತ ಹೋದಾಗ ಎಲ್ಲಿ ಟ್ವೀಟರ್ ಕಾಣುತ್ತದೋ ಅದೇ ಜಾಗ. ಇನ್ನೆರಡು ಸ್ಪೀಕರುಗಳ ಹಿಂದೆ, ಉಳಿದೆರಡು ನಿಮ್ಮ ಬೆನ್ನ ಹಿಂದಿನ ಗೋಡೆಗೆ, ಇವು ಮಾತ್ರ ಗೋಡೆಯಿಂದ 4 ಇಂಚು ಬಿಟ್ಟು. ಬಾಡಿಗೆ ಮನೆ, ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ ಅಂದರೆ ಕಾಲು ಕೊಟ್ಟು ನಿಲ್ಲಿಸಿ. ಹಳೆಯ ಹತ್ತಿ ಹಾಸಿಗೆಗಳಿದ್ದರೆ ಸುತ್ತಿ ಮೂಲೆಗೆ ನಿಲ್ಲಿಸಿ, ನೋಡಲು ಚೆನ್ನಾಗಿರದಿದ್ದರೂ ಕೆಲಸ ಮಾಡುತ್ತದೆ. ಇಷ್ಟೆಲ್ಲ ಮಾಡಿದರೂ 56 ಹರ್ಟ್ಸ್ ಪೂರ್ತಿ ಬಗ್ಗುವುದಿಲ್ಲ. ಇಟ್ಟಿಗೆ ಗೋಡೆ, ಕಾಂಕ್ರೀಟ್ ಸೀಲಿಂಗು, ಟೈಲ್ಸ್ ನೆಲ ಬೇಸ್‌ಗೆ ಆಚೆ ಹೋಗಲು ದಾರಿಯನ್ನೇ ಕೊಡವು. ಅಮೆರಿಕದ ವಿಡಿಯೋಗಳಲ್ಲಿ ಕಾಣುವುದು ಜಿಪ್ಸಮ್ ಹಲಗೆಯ ಗೋಡೆ, ಅದು ಅಲ್ಲಾಡುತ್ತ ಒಂದಿಷ್ಟು ಬೇಸ್ ನುಂಗಿಕೊಳ್ಳುತ್ತದೆ. ಅವರ ಸಲಹೆ ನಮ್ಮ ಮನೆಗೆ ಹಾಗೇ ಕೂರುವುದಿಲ್ಲ.

ಆನ್‌ಲೈನಿನಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ಬೇಡವೇ ಬೇಡ. ಅದು ಹೀರುವುದು ಮೇಲಿನ ಚುರುಕು ಶಬ್ದ ಮಾತ್ರ. ರೂಮು ಮಂಕಾಗುತ್ತದೆ, ಬೇಸ್ ಇದ್ದಲ್ಲೇ ಇರುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರ ಬಗ್ಗೆ ಏನು ಹೇಳಲಿ. ಕಬ್ಬಿಣದ ಬೀರು ರೂಮಿನಲ್ಲಿದ್ದರೆ ಹೊರಗೆ ಹಾಕಿ, ಇಲ್ಲ ಒಳಗೆ ಬಟ್ಟೆ ಒತ್ತಾಗಿ ತುಂಬಿ. ನನ್ನದು 90 ಹರ್ಟ್ಸ್ ಹತ್ತಿರ ಹಾಡುತ್ತಿತ್ತು.

ವೈರಿಂಗ್ ಬೇಗ ಮುಗಿಸುತ್ತೇನೆ. ಇಂಟರ್‌ಫೇಸಿನಿಂದ (ಕಂಪ್ಯೂಟರಿನ ಶಬ್ದವನ್ನು ಸ್ಪೀಕರಿಗೆ ಕಳಿಸುವ ಪೆಟ್ಟಿಗೆ) ಸ್ಪೀಕರಿಗೆ ಟಿಆರ್‌ಎಸ್ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ಹಿಡಿಯದ ಥರದ್ದು). ಎಲ್ಲವೂ ಅರ್ಥಿಂಗ್ ಇರುವ ಒಂದೇ ಪ್ಲಗ್ ಬೋರ್ಡಿಗೆ. ಹಮ್ (ಗುಂಯ್ ಎನ್ನುವ ಸದ್ದು) ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವ ಬುದ್ಧಿವಂತಿಕೆ ಮಾಡಬೇಡಿ, ಶಾಕ್ ಹೊಡೆಯುತ್ತದೆ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲು. ದನಿಯನ್ನು ಮೋನೋದಲ್ಲಿ (ಎರಡೂ ಸ್ಪೀಕರಿಗೆ ಒಂದೇ ಶಬ್ದ) ಹಾಕಿದಾಗ ಸರಿಯಾಗಿ ನಡುವಿನಿಂದ ಬರದೆ ಎರಡೂ ಕಿವಿಗೆ ಹಂಚಿದಂತೆ ಕೇಳಿದರೆ ಒಂದು ಕೇಬಲ್ ಉಲ್ಟಾ ಬೆಸುಗೆ ಆಗಿದೆ, ಅದೂ ಬೇಸ್ ತಿನ್ನುತ್ತದೆ.

ವಾಲ್ಯೂಮ್‌ಗೂ ಗುರುತು ಬೇಕು. ಮೈನಸ್ 20 ಡಿಬಿ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ, ಜಲಪಾತದಂಥ ಸದ್ದು) ಹಾಕಿ, ಒಂದು ಸಲಕ್ಕೆ ಒಂದೇ ಸ್ಪೀಕರ್, ಕುರ್ಚಿಯ ಜಾಗದಲ್ಲಿ ಫೋನಿನ ಮೀಟರ್ ಆ್ಯಪ್ ಸಿ ವೇಯ್ಟಿಂಗ್‌ನಲ್ಲಿ (ಬೇಸನ್ನೂ ಲೆಕ್ಕಕ್ಕೆ ಹಿಡಿಯುವ ಸೆಟ್ಟಿಂಗ್) 76 ಡಿಬಿ ತೋರಿಸುವಷ್ಟು. ಎರಡೂ ಸಮ ಮಾಡಿ, ನಾಬ್ ಪಕ್ಕ ಗೀಟು ಹಾಕಿ, ಮಿಕ್ಸ್ ಮಾಡುವಾಗ ಅಲ್ಲೇ ಇಡಿ. ರಾತ್ರಿ ಮೆಲ್ಲಗೆ ಹಾಕಿ ಮಿಕ್ಸ್ ಮಾಡಿದರೆ ಕಿವಿಗೇ ಬೇಸ್ ಕಡಿಮೆ ಕೇಳುತ್ತದೆ, ಮತ್ತೆ ಏರಿಸುತ್ತೀರಿ.

80 ಹರ್ಟ್ಸ್‌ಗಿಂತ ಕೆಳಗಿನ ತೀರ್ಮಾನವನ್ನು ಓಪನ್ ಬ್ಯಾಕ್ (ಹಿಂಬದಿ ಜಾಲರಿಯಂತೆ ತೆರೆದಿರುವ) ಹೆಡ್‌ಫೋನಿನಲ್ಲೇ ಮಾಡಿ, ಅದಕ್ಕೆ ರೂಮೇ ಇಲ್ಲ. ನಿಮ್ಮ ಬಜೆಟ್ 15 ಸಾವಿರವಾಗಿದ್ದರೆ ಸ್ಪೀಕರೇ ಬೇಡ, ಅದೊಂದೇ ತಗೊಳ್ಳಿ ಅನ್ನುತ್ತಿದ್ದೆ.

ಅಡ್ವಾನ್ಸ್ ವಿಷಯ: ಬಾಕ್ಸಿನ ಸೀಲ್ ಒಡೆಯುವ ಮೊದಲೇ ಅಂಗಡಿಗೆ ಫೋನ್ ಮಾಡಿ, ಅದೇ ದುಡ್ಡಿಗೆ 5 ಇಂಚಿನ ಜೋಡಿ ಕೊಡಿ, ಮಿಕ್ಕಿದ್ದಕ್ಕೆ ಎರಡು ಟಿಆರ್‌ಎಸ್ ಕೇಬಲ್ ಹಾಕಿ ಅಂತ ಕೇಳಿ. ಸೀಲ್ ಒಡೆದ ಮೇಲೆ ಅದು ಸೆಕೆಂಡ್ ಹ್ಯಾಂಡ್ ಮಾಲು.