ತಾತನ ಮೃದಂಗಕ್ಕೆ ಅಟ್ಟ ತಕ್ಕ ಜಾಗವೇ?

ಪ್ರಶ್ನೆ: ಪುತ್ತೂರಿನ ಹಳೆಯ ಮನೆಯನ್ನು ಕಳೆದ ವರ್ಷ ಮಾರಿದಾಗ ನಮ್ಮ ತಾತನವರು ನುಡಿಸುತ್ತಿದ್ದ ಎರಡು ಮೃದಂಗಗಳನ್ನು ಬೆಂಗಳೂರಿನ ಫ್ಲ್ಯಾಟಿಗೆ ತಂದೆವು. ಅವು 60 ವರ್ಷಗಳಿಗಿಂತ ಹಳೆಯವು. ಈಗ ಮನೆಯಲ್ಲಿ ನುಡಿಸುವವರು ಯಾರೂ ಇಲ್ಲ. ಧೂಳು ಕೂರದಿರಲೆಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಡುಗೆಮನೆಯ ಅಟ್ಟದಲ್ಲಿ ಇಟ್ಟಿದ್ದೆವು. ಈ ಮಾರ್ಚಿನಲ್ಲಿ ಇಳಿಸಿ ನೋಡಿದಾಗ ಒಂದರ ಮರದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಇನ್ನೊಂದರ ಎಡ ಮುಚ್ಚಿಗೆಯ (ಬಾಯಿಗೆ ಬಿಗಿದ ಚರ್ಮದ ಹೊದಿಕೆಯ) ಮೇಲೆ ಬಿಳಿಯ ಬೂಷ್ಟು ಕಂಡವು. ಬಾರುಗಳನ್ನು ಪೂರ್ತಿ ಬಿಚ್ಚಿ, ಮರಕ್ಕೆ ವಾರ್ನಿಷ್ ಬಳಿದು ಇಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡನ್ನೂ ಮಾಡಬೇಡಿ. ಹಳೆಯ ಮೃದಂಗದಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು, ಕಾಲಕ್ಕೆ ತಕ್ಕಂತೆ ಬದಲಾಯಿಸಬಹುದಾದದ್ದು ಯಾವುದು ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ನಿರ್ಧಾರಗಳು ಸುಲಭವಾಗುತ್ತವೆ. ಮುಚ್ಚಿಗೆಗಳು ನುಡಿಸಿದಂತೆಲ್ಲ ಸವೆಯುವಂಥವು. ನಿಮ್ಮ ತಾತನವರೇ ಅವುಗಳನ್ನು ಹಲವು ಸಲ ಬದಲಾಯಿಸಿರುತ್ತಾರೆ. ಆದರೆ ಒಂದೇ ಹಲಸಿನ ದಿಮ್ಮಿಯನ್ನು ಕೊರೆದು ಟೊಳ್ಳು ಮಾಡಿದ ಆ ಮರದ ಒಡಲು ಹೋದರೆ ಮತ್ತೆ ಬಾರದು. ಆದ್ದರಿಂದ ನಿಮ್ಮ ಬೂಷ್ಟಿಗಿಂತ ಬಿರುಕೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ.

ಕರಾವಳಿಯ ತೇವದ ಗಾಳಿಗೆ ದಶಕಗಳ ಕಾಲ ಹೊಂದಿಕೊಂಡಿದ್ದ ಮರ ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ತನ್ನೊಳಗಿನ ನೀರಿನ ಅಂಶವನ್ನು ಬಿಟ್ಟುಕೊಡುತ್ತದೆ. ಹೀಗೆ ಒಣಗುವಾಗ ಮರವು ಎಳೆಯ ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಮೇಲೆ ಬಾರುಗಳ ಬಿಗಿತವೂ ಇರುವುದರಿಂದ ದುರ್ಬಲವಾದ ಜಾಗದಲ್ಲಿ ಉದ್ದುದ್ದಕ್ಕೆ ಸೀಳು ಬಿಡುತ್ತದೆ. ಅಡುಗೆಮನೆಯ ಅಟ್ಟವಂತೂ ಇದಕ್ಕೆ ಅತಿ ಕೆಟ್ಟ ಜಾಗ: ಒಲೆಯ ಬಿಸಿಯೂ ಕುಕ್ಕರಿನ ಹಬೆಯೂ ಮೇಲಕ್ಕೇ ಏರುವುದರಿಂದ ಅಲ್ಲಿ ದಿನಕ್ಕೆ ಮೂರು ಹೊತ್ತು ಹವೆ ಬದಲಾಗುತ್ತಿರುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನೊಳಗೆ ಸೇರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಚರ್ಮದ ಮೇಲೆ ಬೂಷ್ಟಾಗಿದೆ. ಎಡ ಮುಚ್ಚಿಗೆಗೇ ಅದು ಹಿಡಿದಿದೆ ಎಂದರೆ, ನುಡಿಸುವಾಗ ಹಚ್ಚಿದ ರವೆಯ ಮುದ್ದೆಯ ಶೇಷ ಅಲ್ಲಿ ಉಳಿದಿರಬಹುದು. ಹಿಟ್ಟಿನ ಅಂಶ ಬೂಷ್ಟಿಗೂ ಇರುವೆ, ಜಿರಲೆಗಳಿಗೂ ಆಹಾರ.

ಮೊದಲು ಆ ಚೀಲಗಳನ್ನು ತೆಗೆದುಹಾಕಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಾಲ್ಕನಿಯ ನೆರಳಿನಲ್ಲಿ ಒಣಗಿದ ಮೆತ್ತನೆಯ ಬಟ್ಟೆಯಿಂದ ಬೂಷ್ಟನ್ನು ಒರೆಸಿ. ಗಟ್ಟಿಯಾಗಿ ಅಂಟಿಕೊಂಡ ರವೆಯಿದ್ದರೆ ಅದರ ಮೇಲಷ್ಟೇ ಬೆರಳಿನಿಂದ ತುಸು ನೀರು ಸವರಿ, ಮೆದುವಾದ ಮೇಲೆ ತೆಗೆಯಿರಿ. ಚರ್ಮವನ್ನು ನೆನೆಸಬಾರದು, ಬಿಸಿಲಿಗೂ ಇಡಬಾರದು. ಬಲ ಮುಚ್ಚಿಗೆಯ ಕಪ್ಪು ಕರಣೆಯನ್ನು ಮುಟ್ಟದಿರುವುದೇ ಲೇಸು. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನೂ ಅನ್ನವನ್ನೂ ಅರೆದು ಪದರ ಪದರವಾಗಿ ಹಚ್ಚಿ ಉಜ್ಜಿ ಕೂರಿಸಿದ ಆ ಲೇಪಕ್ಕೆ ಎಣ್ಣೆ ಅಥವಾ ನೀರು ತಗುಲಿದರೆ ಪದರಗಳು ಸಡಿಲವಾಗುತ್ತವೆ. (ಮೃದಂಗದ ನಾದದಲ್ಲಿ ಸ್ವರಕ್ಕೆ ಹೊಂದುವ ಉಪಸ್ವರಗಳು ಹುಟ್ಟುವುದು ಮುಚ್ಚಿಗೆಯ ಈ ಭಾರದಿಂದ ಎಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲೂ 1934ರಲ್ಲೂ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದ್ದಾರೆ. ಅಂಥ ಲೇಪವನ್ನು ಮನೆಯಲ್ಲಿ ತೇಪೆ ಹಾಕಿ ಸರಿಪಡಿಸಲಾಗದು.)

ಬಾರುಗಳ ವಿಷಯದಲ್ಲಿ ಮಧ್ಯಮ ಮಾರ್ಗ ಬೇಕು. ಕಛೇರಿಯ ಶ್ರುತಿಯಲ್ಲೇ ಬಿಗಿಯಾಗಿಟ್ಟರೆ ಬೇಸಿಗೆಯಲ್ಲಿ ಚರ್ಮ ಇನ್ನಷ್ಟು ಬಿಗಿದು ಹರಿಯಬಹುದು. ಪೂರ್ತಿ ಬಿಚ್ಚಿದರೆ ಮುಚ್ಚಿಗೆ ಮುದುಡಿ ಆಕಾರ ಕಳೆದುಕೊಳ್ಳುತ್ತದೆ. ಸುತ್ತಲೂ ಸಮನಾಗಿ ಸ್ವಲ್ಪವೇ ಇಳಿಸಿಡುವುದು ಸರಿ. ಆದರೆ ಅಷ್ಟು ಹಳೆಯ, ಒಣಗಿದ ಬಾರು, ಬಿಗಿತ ಹೊಂದಿಸಲು ಕಲ್ಲಿನಿಂದ ಹೊಡೆಯುವ ಏಟಿಗೆ ತುಂಡಾಗಬಹುದಾದ್ದರಿಂದ ಆ ಕೆಲಸವನ್ನು ಮೃದಂಗ ಕಟ್ಟುವವರ ಕೈಯಲ್ಲೇ ಮಾಡಿಸಿ.

ಬಿರುಕಿಗೆ ಅಂಟು, ಮೇಣ, ಮರದ ಪುಡಿ ಯಾವುದನ್ನೂ ತುಂಬಬೇಡಿ. ಅದರ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದಿಡಿ. ಮುಂದಿನ ಮಾರ್ಚಿನ ಹೊತ್ತಿಗೂ ಅದು ಗೆರೆ ದಾಟದಿದ್ದರೆ ಮರ ಹೊಸ ಊರಿನ ಹವೆಗೆ ಹೊಂದಿಕೊಂಡಿದೆ ಎಂದು ಭಾವಿಸಬಹುದು. ದಾಟಿದ್ದರೆ ತಡಮಾಡದೆ ಕಸುಬುದಾರರಿಗೆ ತೋರಿಸಿ. ವಾರ್ನಿಷ್ ಬಳಿದರೆ ಈ ಗುರುತೂ ಮುಚ್ಚುತ್ತದೆ, ತಾತನವರ ಕೈಯಾಡಿ ಬಂದ ಹೊಳಪೂ ಹೋಗುತ್ತದೆ.

ಇಡುವ ಜಾಗ ಮಲಗುವ ಕೋಣೆಯ ಬೀರುವಿನ ಮಧ್ಯದ ಅರೆಯಾಗಲಿ. ಹೊರಗೋಡೆ, ಕಿಟಕಿ, ಸ್ನಾನದ ಮನೆಗಳಿಗೆ ತಾಗಿದ ಗೋಡೆ, ನೆಲ ಇವು ಬೇಡ. ಹಳೆಯ ಹತ್ತಿ ಸೀರೆಯ ಚೀಲ ಹೊಲಿಸಿ ಅದರಲ್ಲಿಟ್ಟು, ಎರಡು ಬಟ್ಟೆಯ ಸಿಂಬೆಗಳ ಮೇಲೆ ಅಡ್ಡಲಾಗಿ ಮಲಗಿಸಿ. ಬಲ ಮುಚ್ಚಿಗೆ ಕೆಳಗಾಗಿ ನಿಲ್ಲಿಸಿದರೆ ಇಡೀ ಭಾರ ಕರಣೆಯ ಮೇಲೆ ಬೀಳುತ್ತದೆ. ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಅಲ್ಲೇ ಇಟ್ಟು, ಅದು ಶೇ. 40ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು ಸಾಕು, ಆದರೆ ಬೇಸಿಗೆ ಬಂದೊಡನೆ ಅವನ್ನು ತೆಗೆಯಲು ಮರೆಯಬಾರದು. ತಿಂಗಳಿಗೊಮ್ಮೆ ಹೊರತೆಗೆದು ಗಾಳಿಯಾಡಿಸುವಾಗ ಕೆಳಗೆ ಹಾಸಿದ ಬಿಳಿಯ ಬಟ್ಟೆಯನ್ನು ಗಮನಿಸಿ: ಅದರ ಮೇಲೆ ಹೊಸದಾಗಿ ನುಣ್ಣನೆಯ ಪುಡಿ ಉದುರಿದ್ದರೆ ಮರ ಕೊರೆಯುವ ಹುಳು ಒಳಗಿದೆ ಎಂದರ್ಥ, ಆಗ ಆ ಮೃದಂಗವನ್ನು ಇನ್ನೊಂದರಿಂದ ಕೂಡಲೇ ದೂರವಿಡಿ.

ಪ್ರಶ್ನೆ: ನಮ್ಮ ತಂದೆಯವರು 1970ರ ದಶಕದಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಡ್ರಮ್ ಸೆಟ್ ಇದೆ. ಅದಕ್ಕೂ ಇದೇ ಕ್ರಮವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಹವೆಯ ಮಟ್ಟಿಗೆ ಇದೇ ಕ್ರಮ. ಅದರ ಮುಚ್ಚಿಗೆಗಳು ಪ್ಲಾಸ್ಟಿಕ್ಕಿನವಾಗಿದ್ದರೆ ಚರ್ಮದ ಚಿಂತೆ ಇರದು. ಅವನ್ನು ಕಳಚದೆ, ತಿರುಪುಗಳನ್ನು ಕೈಯಿಂದ ತಿರುಗಿಸಿದಷ್ಟೇ ಬಿಗಿಯಾಗಿ ಬಿಡಿ, ಮುಚ್ಚಿಗೆಯನ್ನು ಹಿಡಿದಿಡುವ ಬಳೆಗಳಿಂದಾಗಿ ಡ್ರಮ್ಮಿನ ಅಂಚುಗಳಿಗೆ ಪೆಟ್ಟಾಗದು. ಒಂದರ ಮೇಲೊಂದು ಪೇರಿಸಬೇಡಿ. ಹೊರಮೈಗೆ ಮುತ್ತಿನ ಹೊಳಪಿನ ಹಾಳೆ ಅಂಟಿಸಿದ್ದರೆ ಬಿಸಿಲು ತಾಗದಂತೆ, ನುಸಿಗುಳಿಗೆ ಸೋಕದಂತೆ ನೋಡಿಕೊಳ್ಳಿ. ಹಿತ್ತಾಳೆ ಪಾತ್ರೆಯೆಂದುಕೊಂಡು ಸಿಂಬಲ್‌ಗಳನ್ನು (ಲೋಹದ ತಾಳದ ತಟ್ಟೆಗಳನ್ನು) ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅವುಗಳ ಮೇಲೆ ಶಾಯಿಯಲ್ಲಿ ಮುದ್ರಿಸಿದ ತಯಾರಕರ ಹೆಸರು ಅಳಿಸಿಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.